ಈ ಕಾಲದ ಜಗತ್ತಿನಲ್ಲಿ ನಡೆಯುವ ಅತಿಮಾನುಷ ಕಥೆಯ ಟೇಬಲ್‌ಟಾಪ್ ರೋಲ್‌ಪ್ಲೇ ಆಟವನ್ನು ಗೆಳೆಯರ ಜೊತೆ ಶುರುಮಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಗೆಳೆಯರು ನಾಲ್ಕು ಜನ, ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತು-ದಾಳಗಳಲ್ಲಿ ಕಥೆ ಕಟ್ಟುವ ಇಂಥ ಆಟಗಳಲ್ಲಿ ಕತ್ತಿ-ಡ್ರ್ಯಾಗನ್ನುಗಳ ಫ್ಯಾಂಟಸಿ ಆಟ ಸ್ವಲ್ಪ ಆಡಿ ಗೊತ್ತು. ಈಗ ಮೊಬೈಲು, ಲಿಫ್ಟು, ಸಿಸಿಟಿವಿ ಎಲ್ಲ ಇರುವ ಇಂದಿನ ಜಗತ್ತಿನಲ್ಲಿ ದೆವ್ವ-ಮಾಟದ ಕಥೆಯೊಂದನ್ನು ಕೆಲವು ತಿಂಗಳು ನಡೆಸಬೇಕು, ಗೇಮ್ ಮಾಸ್ಟರ್, ಎಂದರೆ ಕಥೆ ನಡೆಸುವವರು, ನೀವೇ. ಎಲ್ಲಿಂದ ಶುರುಮಾಡುವುದು?

ಪೀಡೆಗಳ ಪಟ್ಟಿ ಮಾಡುವುದರಿಂದ ಶುರುಮಾಡಬೇಡಿ. ಗುಹೆಯಲ್ಲಿ ರಾಕ್ಷಸನಿದ್ದರೆ ಫ್ಯಾಂಟಸಿ ಪಾತ್ರಗಳು ಕತ್ತಿ ಹಿಡಿದು ಒಳಗೆ ನುಗ್ಗುತ್ತವೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಇಂದಿನ ಜಗತ್ತಿನಲ್ಲಿ ಆಟಗಾರರ ಬಾಯಿಂದ ಬರುವ ಮೊದಲ ಮಾತೇ "ಪೊಲೀಸರಿಗೆ ಫೋನ್ ಮಾಡಿದರೆ ಆಗಲ್ವಾ?" ಎಂದು. ಆ ಮಾತಿಗೆ ಉತ್ತರ ಸಿದ್ಧವಿಲ್ಲದಿದ್ದರೆ ಎಂಥ ಭಯಾನಕ ಪೀಡೆಯನ್ನು ತಂದಿಟ್ಟರೂ ಕಥೆ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಂಡು ಮೂರು ಸಂಗತಿ ಬರೆದಿಡಿ. ಒಂದು, ಸಾಮಾನ್ಯ ಜನರಿಗೆ ಈ ಲೋಕದ ಬಗ್ಗೆ ಎಷ್ಟು ಗೊತ್ತು, ಗೊತ್ತಿಲ್ಲದಿದ್ದರೆ ಅದು ಮುಚ್ಚಿಹೋಗುತ್ತಿರುವುದು ಹೇಗೆ. ಎರಡು, ಅತಿಮಾನುಷ ಶಕ್ತಿಗೆ ಯಾವ ಮಿತಿ ಇದೆ, ಏನು ಬೆಲೆ ತೆರಬೇಕು. ಮೂರು, ಈ ನಾಲ್ಕೇ ಜನ ಯಾಕೆ, ಬೇರೆಯವರು ಯಾಕಲ್ಲ. ಒಂದೊಂದಕ್ಕೆ ಎರಡು ಸಾಲು ಸಾಕು. "ಕಣ್ಣಾರೆ ಕಂಡವರು ಬೆಳಗಾಗುವುದರೊಳಗೆ ಮರೆಯುತ್ತಾರೆ, ಒಮ್ಮೆ ಸತ್ತು ಬದುಕಿದವರು ಮಾತ್ರ ಮರೆಯುವುದಿಲ್ಲ" ಎಂದು ಬರೆದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಒಟ್ಟಿಗೇ ಉತ್ತರ ಸಿಕ್ಕಿತು.

ಇನ್ನು ಯಾವ ನಿಯಮಾವಳಿ, ಎಂದರೆ ಯಾವ ಆಟದ ಪುಸ್ತಕ ಹಿಡಿಯುವುದು. ಪಾತ್ರಗಳು ಪೀಡೆಯನ್ನು ಬೇಟೆಯಾಡುವವರಾದರೆ ಮಾನ್‌ಸ್ಟರ್ ಆಫ್ ದಿ ವೀಕ್. ಮನುಷ್ಯನಿಗೆ ಮೀರಿದ್ದರ ಎದುರು ಬುದ್ಧಿ ಸ್ಥಿಮಿತ ಕಳೆದುಕೊಳ್ಳುವ ತನಿಖೆ ಬೇಕೆಂದರೆ 1981ರಿಂದ ಬರುತ್ತಿರುವ ಕಾಲ್ ಆಫ್ ಕ್ಥುಲು. ಅದರ ಹೆಸರಾಂತ ಕಥೆಗಳು 1920ರ ದಶಕದವು, ಆದರೆ ನಿಯಮಗಳು ಇಂದಿನ ಕಾಲಕ್ಕೂ ನಡೆಯುತ್ತವೆ. ಸರ್ಕಾರಿ ಏಜೆಂಟರಾಗಿ ಸತ್ಯ ಮುಚ್ಚಿಡುತ್ತಾ, ಅದರ ಏಟು ಮನೆಯವರ ಸಂಬಂಧಕ್ಕೆ ಬೀಳುವುದನ್ನು ಆಡಬೇಕಿದ್ದರೆ ಡೆಲ್ಟಾ ಗ್ರೀನ್. ನೀವೇ ಪೀಡೆಯಾಗಿ, ಎಂದರೆ ರಕ್ತ ಕುಡಿಯುವ ವ್ಯಾಂಪೈರ್ ಆಗಿ ಆಡುವುದಾದರೆ 1991ರಲ್ಲಿ ಮೊದಲು ಬಂದ ವ್ಯಾಂಪೈರ್: ದಿ ಮಾಸ್ಕರೇಡ್, ಅದರ ಐದನೇ ಆವೃತ್ತಿಯಲ್ಲಿ ಹಸಿವು ಏರಿದಷ್ಟೂ ನಿಮ್ಮ ಮಾಮೂಲಿ ದಾಳಗಳ ಜಾಗಕ್ಕೆ ಹಸಿವಿನ ದಾಳಗಳು ಬಂದು ಕೂರುತ್ತವೆ.

ಮೊದಲ ಸಲ ನಡೆಸುತ್ತಿರುವ ನಿಮಗೆ ನಾನು ಹೇಳುವುದು ಮಾನ್‌ಸ್ಟರ್ ಆಫ್ ದಿ ವೀಕ್. ಆರು ಮುಖದ ಎರಡು ದಾಳ ಹಾಕಿ ಪಾತ್ರದ ಅಂಕ ಕೂಡಿಸುವುದು, ಅಷ್ಟೇ. 10 ಅಥವಾ ಹೆಚ್ಚು ಬಿದ್ದರೆ ಕೆಲಸ ಆಯಿತು, 7ರಿಂದ 9ರ ಗರ ಬಿದ್ದರೆ ಕೆಲಸ ಆಗುತ್ತದೆ ಆದರೆ ಏನೋ ಒಂದು ಕೈತಪ್ಪುತ್ತದೆ, 6 ಅಥವಾ ಕಡಿಮೆ ಬಿದ್ದರೆ ಪರಿಸ್ಥಿತಿ ಕೆಡುತ್ತದೆ, ಜೊತೆಗೆ ಆಟಗಾರನಿಗೆ ಒಂದು ಅನುಭವದ ಗುರುತು ಸಿಗುತ್ತದೆ. ಐದು ಗುರುತು ಸೇರಿದರೆ ಪಾತ್ರ ಒಂದು ಮೆಟ್ಟಿಲು ಬೆಳೆಯುತ್ತದೆ. ಪ್ರತಿ ಪಾತ್ರಕ್ಕೂ ಅದೃಷ್ಟದ ಏಳು ಚೌಕಗಳಿವೆ. ಒಂದನ್ನು ತುಂಬಿದರೆ ಬಿದ್ದ ಗರವನ್ನು 12 ಎಂದು ಮಾಡಿಕೊಳ್ಳಬಹುದು, ಆದರೆ ಖರ್ಚಾದ ಚೌಕ ಸಾಮಾನ್ಯವಾಗಿ ಮರಳುವುದಿಲ್ಲ. ಆ ಏಳು ಚೌಕಗಳೇ ಕ್ಯಾಂಪೇನಿನ, ಎಂದರೆ ತಿಂಗಳುಗಟ್ಟಲೆ ನಡೆಯುವ ಇಡೀ ಕಥೆಯ, ಆಯುಸ್ಸನ್ನು ಸದ್ದಿಲ್ಲದೆ ಅಳೆಯುತ್ತಿರುತ್ತವೆ. ಫ್ಯಾಂಟಸಿ ಆಟದಿಂದ ಬಂದವರಿಗೆ ಒಂದು ವಿಷಯ ಮೊದಲೇ ಹೇಳಿಬಿಡಿ: ಇಲ್ಲಿ ಹೊಡೆದಾಟಕ್ಕೆ ಸರದಿ ಇಲ್ಲ. ಹೇಳದಿದ್ದರೆ ಸರದಿ ಬರಲೆಂದು ಕಾಯುತ್ತಾ ಸುಮ್ಮನೆ ಕೂತುಬಿಡುತ್ತಾರೆ. ಯಾರು ಮಾತಾಡಿಲ್ಲವೋ ಅವರ ಕಡೆ ತಿರುಗಿ "ಅಷ್ಟರಲ್ಲಿ ನೀನೇನು ಮಾಡ್ತಿದೀಯ?" ಎಂದು ಕೇಳುವುದು ನಿಮ್ಮ ಕೆಲಸ.

ಒಮ್ಮೆ ಕೂತು ಆಡುವುದಕ್ಕೆ ಸೆಷನ್ ಎನ್ನುತ್ತಾರೆ; ಆಟಕ್ಕೆ ಮುಂಚೆ ಬರೀ ತಯಾರಿಗೆಂದು ಎರಡು ಮೂರು ಗಂಟೆಯ ಸೆಷನ್ ಜೀರೋ ಇಟ್ಟುಕೊಳ್ಳಿ. ಪಾತ್ರಗಳನ್ನು ಮನೆಯಲ್ಲಿ ಮಾಡಿಕೊಂಡು ಬರುವುದು ಬೇಡ, ಎಲ್ಲರೂ ಕೂತು ಒಟ್ಟಿಗೆ ಮಾಡಿ. ಬೇರೆ ಬೇರೆಯಾಗಿ ಮಾಡಿದರೆ ನಾಲ್ಕೂ ಜನ ಯಾರನ್ನೂ ನಂಬದ ಒಂಟಿ ಮನುಷ್ಯರಾಗಿ ಬರುತ್ತಾರೆ, ಅವರನ್ನು ಒಂದು ಕಾರಿನಲ್ಲಿ ಕೂರಿಸುವಷ್ಟರಲ್ಲಿ ಮೊದಲ ಸೆಷನ್ ಮುಗಿದಿರುತ್ತದೆ. ಪ್ರತಿ ಪಾತ್ರಕ್ಕೂ ಒಂದು ಉದ್ಯೋಗ, ಕಳೆದುಕೊಳ್ಳಲು ಒಬ್ಬ ಆಪ್ತ ವ್ಯಕ್ತಿ, ಗುಂಪಿನ ಇನ್ನಿಬ್ಬರೊಡನೆ ಹಳೆಯ ನಂಟು, ಇಷ್ಟು ಕಡ್ಡಾಯ. ಉದ್ಯೋಗ ಅಲಂಕಾರಕ್ಕಲ್ಲ. ಆಸ್ಪತ್ರೆಯ ನರ್ಸಿಗೆ ಶವಾಗಾರದ ಬಾಗಿಲು ತೆರೆಯುತ್ತದೆ, ಪಾರ್ಸೆಲ್ ಹುಡುಗನನ್ನು ಯಾವ ಗೇಟಿನಲ್ಲೂ ತಡೆಯುವುದಿಲ್ಲ. ನಾಲ್ಕು ಉದ್ಯೋಗ ಎಂದರೆ ನಾಲ್ಕು ಬೀಗದ ಕೈ.

ಅದೇ ದಿನ, ಯಾವುದು ಬೇಡ ಎಂಬ ಮಾತೂ ಆಗಬೇಕು. ಇದನ್ನು ನಾಚಿಕೆಯಿಂದ ಹಾರಿಸಬೇಡಿ. ಫ್ಯಾಂಟಸಿಯ ರಾಕ್ಷಸರಾದ ಓರ್ಕ್‌ಗಳ ಜಗತ್ತು ನಮ್ಮಿಂದ ದೂರ, ಆದರೆ ಫ್ಲಾಟಿನಲ್ಲಿ ನಡೆಯುವ ಸಾವು ಮೈಗೆ ಹತ್ತಿರ. ಮಕ್ಕಳಿಗಾಗುವ ಹಿಂಸೆ, ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ, ಕಾಯಿಲೆ, ಮನೋರೋಗ, ಇವುಗಳಲ್ಲಿ ಯಾವುದು ಆಟದಲ್ಲಿ ಬರಲೇಬಾರದು, ಯಾವುದು ಬಂದರೂ ವಿವರಿಸದೆ ಪರದೆ ಎಳೆಯಬೇಕು ಎಂದು ಎರಡು ಪಟ್ಟಿ ಮಾಡಿ. ಲೈನ್ಸ್ ಅಂಡ್ ವೇಲ್ಸ್ (ಗೆರೆಗಳು ಮತ್ತು ಪರದೆಗಳು) ಅನ್ನುವುದು ಇದನ್ನೇ. ಆಟದ ನಡುವೆ ಯಾರಿಗಾದರೂ ಕಷ್ಟವಾದರೆ ಮುಟ್ಟಲು ಮೇಜಿನ ಮೇಲೆ ಎಕ್ಸ್ ಬರೆದ ಕಾರ್ಡ್ ಇಡಿ. ಮುಟ್ಟಿದ ತಕ್ಷಣ, ಕಾರಣ ಕೇಳದೆ, ಆ ದೃಶ್ಯವನ್ನು ಬದಲಿಸಬೇಕು. ಮೈಮೇಲೆ ಬರುವ ಕಥೆಗಳಲ್ಲಿ ಮನೋರೋಗಿಯನ್ನು ಪೀಡೆಯಂತೆ ತೋರಿಸದಿರುವ ಬಗ್ಗೆಯೂ ಎಚ್ಚರ ಬೇಕು.

ಮೊದಲ ರಹಸ್ಯ ಚಿಕ್ಕದಾಗಿರಲಿ: ಒಂದು ಸ್ಥಳ, ಒಂದು ಪೀಡೆ, ಎರಡು ಸೆಷನ್. ಒಂದು ಉದಾಹರಣೆಯನ್ನೇ ಕಟ್ಟೋಣ. ಹಳೆಯ ಅಪಾರ್ಟ್‌ಮೆಂಟಿನ ನಿವಾಸಿಗಳಿಗೆ ಸತ್ತುಹೋದ ಅವರ ಮನೆಯವರ ದನಿಯಲ್ಲೇ ಫೋನ್ ಬರುತ್ತದೆ. ಮೂರನೇ ಸಲ ಎತ್ತಿ ಮಾತಾಡಿದವರು ಅಂದು ರಾತ್ರಿ ಮನೆ ಬಿಟ್ಟು ನಡೆದು ಕಾಣೆಯಾಗುತ್ತಾರೆ. ಮೂಲ ಇರುವುದು ನೆಲಮಾಳಿಗೆಯ ಬೀಗ ಹಾಕಿದ ಕೋಣೆಯ, ಯಾರೂ ಎತ್ತದ ಕರೆಗಳ ಮಾತನ್ನು ಹಿಡಿದಿಡುವ ಹಳೆಯ ಆನ್ಸರಿಂಗ್ ಮಷೀನಿನ ಟೇಪಿನಲ್ಲಿ. ಕರೆ ನಡೆಯುತ್ತಿರುವಾಗಲೇ ಟೇಪನ್ನು ಅಳಿಸಬೇಕು. ಎಂದರೆ ಗುಂಪಿನಲ್ಲಿ ಒಬ್ಬರು ಮೂರನೇ ಕರೆಯನ್ನು ಎತ್ತಿ, ಆ ದನಿಯನ್ನು ಕೇಳುತ್ತಾ ಕೂರಲೇಬೇಕು. ಪೀಡೆಯ ದೌರ್ಬಲ್ಯ ಯಾವಾಗಲೂ ಹೀಗೆ ಪಾತ್ರಗಳಿಂದ ಏನನ್ನಾದರೂ ಕೇಳುವಂತಿರಲಿ. ಬರೀ ಬೆಳ್ಳಿ ಗುಂಡು ಎಂದಿಟ್ಟರೆ ಕಥೆ ಸಾಮಾನು ಹುಡುಕುವ ಕೆಲಸವಾಗಿಬಿಡುತ್ತದೆ.

ಆಮೇಲೆ, ಯಾರೂ ತಡೆಯದಿದ್ದರೆ ಏನಾಗುತ್ತದೆ ಎಂದು ಆರು ಹಂತ ಬರೆಯಿರಿ. ಮಾನ್‌ಸ್ಟರ್ ಆಫ್ ದಿ ವೀಕ್‌ನಲ್ಲಿ ಇದು ಹಗಲಿನಿಂದ ನಡುರಾತ್ರಿಯವರೆಗೆ ಇಳಿಯುವ ಗಡಿಯಾರ. ಹಗಲು: ಒಬ್ಬ ಅಜ್ಜನಿಗೆ ತೀರಿಕೊಂಡ ಹೆಂಡತಿಯ ಕರೆ. ನೆರಳು: ಅಜ್ಜ ಕಾಣೆ. ಸೂರ್ಯಾಸ್ತ: ಮೂರು ಮನೆಗಳಿಗೆ ಕರೆ. ಮುಸ್ಸಂಜೆ: ಒಂದು ಪಾತ್ರದ ಆಪ್ತರಿಗೇ ಕರೆ. ಇರುಳು: ಇಡೀ ಕಟ್ಟಡ ಖಾಲಿ. ನಡುರಾತ್ರಿ: ದನಿ ಊರಿನ ಆಂಬುಲೆನ್ಸ್ ಸಹಾಯವಾಣಿಗೆ ಹೊಕ್ಕಿತು. ಆಟಗಾರರು ಏನೂ ಮಾಡದೆ ಚರ್ಚೆಯಲ್ಲೇ ಮುಳುಗಿದರೆ ಈ ಗಡಿಯಾರವನ್ನು ಒಂದು ಹಂತ ಮುಂದಕ್ಕೆ ತಳ್ಳಿ, ಅದರ ಪರಿಣಾಮವನ್ನು ಅವರ ಕಣ್ಣೆದುರು ತನ್ನಿ.

ಸುಳಿವುಗಳ ವಿಷಯದಲ್ಲೇ ಹೆಚ್ಚಿನ ಆಟಗಳು ಕೆಡುವುದು. ನಿಮಗೆ ಕನ್ನಡಿಯಂತೆ ಸ್ಪಷ್ಟವಾದ ಸುಳಿವು ಮೇಜಿನ ಆಚೆ ಬದಿಗೆ ಮಸುಕು. ಒಂದನ್ನು ಹುಡುಕುವುದಿಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ. ಆದ್ದರಿಂದ ಅವರು ತಲುಪಬೇಕಾದ ಪ್ರತಿಯೊಂದು ತೀರ್ಮಾನಕ್ಕೂ ಮೂರು ಸುಳಿವು ಇಡಿ. ನಮ್ಮ ಕಥೆಯಲ್ಲಿ ತೀರ್ಮಾನ ಮೂರು: ಮೂಲ ನೆಲಮಾಳಿಗೆಯಲ್ಲಿದೆ, ಮೂರನೇ ಕರೆ ಅಪಾಯ, ಮಾತಿನ ನಡುವೆಯೇ ಅಳಿಸಬೇಕು. ಒಟ್ಟು ಒಂಬತ್ತು ಸುಳಿವು. ನೆಲಮಾಳಿಗೆಗೆ ಮಾತ್ರ ಬರೆದರೆ: ಎಲ್ಲ ಕರೆಗಳ ಹಿಂದೆ ನೀರಿನ ಪಂಪಿನ ಒಂದೇ ಸದ್ದು, ಕರೆ ಬರುವುದು ಎಂದೋ ಕಡಿತಗೊಂಡ, ಅದೇ ಕಟ್ಟಡದ ಹಳೆಯ ಕಚೇರಿಯ ನಂಬರಿನಿಂದ, ಮುಚ್ಚಿದ ಕೋಣೆಯೊಳಗೆ ರಿಂಗ್ ಆದದ್ದನ್ನು ಕಾವಲುಗಾರ ಕೇಳಿದ್ದಾನೆ. ಒಂದು ಕಿವಿಗೆ, ಒಂದು ದಾಖಲೆಯಲ್ಲಿ, ಒಂದು ಮನುಷ್ಯನ ಬಾಯಲ್ಲಿ. ಬೇರೆ ಬೇರೆ ದಾರಿಯಲ್ಲಿ ಇಟ್ಟರೆ ಮಾತ್ರ ಮೂರು ಮೂರೇ ಆಗುತ್ತವೆ, ಒಂದೇ ಕೋಣೆಯಲ್ಲಿಟ್ಟರೆ ಆ ಕೋಣೆಗೆ ಯಾರೂ ಹೋಗದಿದ್ದಾಗ ಮೂರೂ ಹೋಯಿತು. ಕಥೆ ಮುಂದೆ ಹೋಗಲು ಬೇಕೇಬೇಕಾದ ಸುಳಿವಿಗೆ ದಾಳ ಹಾಕಿಸಲೂ ಬೇಡಿ. ಸರಿಯಾದ ಜಾಗದಲ್ಲಿ ಹುಡುಕಿದರೆ ಕೊಟ್ಟುಬಿಡಿ. ಆ ಸುಳಿವಿಗೆ ಎಷ್ಟು ಹೊತ್ತು ಹಿಡಿಯಿತು, ಯಾರು ನೋಡಿಬಿಟ್ಟರು ಎಂಬುದನ್ನು ದಾಳ ಹೇಳಲಿ.

ಮೊಬೈಲಿಗೆ ಪ್ರತಿ ಸಲ ಸಿಗ್ನಲ್ ಇಲ್ಲ ಎಂದರೆ ಎರಡನೇ ಸಲಕ್ಕೇ ಆಟಗಾರರು ಮುಖ ಸಪ್ಪೆ ಮಾಡುತ್ತಾರೆ. ಅವರು ಹುಡುಕಲಿ, ಉತ್ತರವೂ ಸಿಗಲಿ, ಆದರೆ ಹತ್ತು ಬಗೆಯ ಉತ್ತರ ಸಿಗಲಿ. ಅದರಲ್ಲಿ ನಿಜ ಯಾವುದೆಂದು ತಿಳಿಯಲು ಸ್ಥಳಕ್ಕೇ ಹೋಗಬೇಕಾಗಲಿ. ಮೊಬೈಲ್ ನಿಮಗೂ ದೊಡ್ಡ ಅನುಕೂಲ. ಗುಂಪು ಚದುರಿದರೂ ಮಾತು ಕಡಿಯುವುದಿಲ್ಲ, ಜೊತೆಗೆ ಆಟಗಾರರ ನಿಜವಾದ ಚಾಟ್ ಗುಂಪಿಗೆ ಸೆಷನ್ ನಡುವೆ ಒಂದು ಮಸುಕು ಫೋಟೋ ಕಳಿಸಿದರೆ ಹತ್ತು ವಾಕ್ಯದ ವರ್ಣನೆಗಿಂತ ಬೇಗ ಮೈ ಜುಮ್ಮೆನ್ನುತ್ತದೆ.

ಪೊಲೀಸರಿಗೂ ಒಂದು ಲೆಕ್ಕ ಇಡಿ. ಒಂದು ವೃತ್ತ ಬರೆದು ಆರು ಭಾಗ ಮಾಡಿ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಡಿ. ಇದು ಪುಸ್ತಕದ ನಿಯಮವಲ್ಲ, ನನ್ನ ಸಲಹೆ. ಸಿಸಿಟಿವಿಯಲ್ಲಿ ಮುಖ ಸಿಕ್ಕರೆ ಒಂದು ಭಾಗ ತುಂಬಿ, ಗುಂಡು ಹಾರಿದರೆ ಎರಡು, ಹೆಣ ಬಿಟ್ಟು ಬಂದರೆ ಎರಡು. ಮೂರು ತುಂಬಿದಾಗ ಒಬ್ಬ ಅಧಿಕಾರಿ ಪಾತ್ರವೊಂದರ ಕೆಲಸದ ಜಾಗಕ್ಕೆ ವಿಚಾರಣೆಗೆ ಬರುತ್ತಾರೆ, ಆರು ತುಂಬಿದರೆ ಒಬ್ಬರ ಮನೆ ಶೋಧ. ಸೆಷನ್ ಮುಗಿದ ಮೇಲೆ, ಯಾರಾದರೂ ತಮ್ಮ ಉದ್ಯೋಗದ ಪ್ರಭಾವವನ್ನೋ ಆಪ್ತರ ಋಣವನ್ನೋ ಖರ್ಚು ಮಾಡಿ ತುಂಬಿದ ಒಂದು ಭಾಗ ಅಳಿಸಬಹುದು. ಆ ಅಧಿಕಾರಿ ಮೂರ್ಖರಾಗಿರಬಾರದು. ಪ್ರಾಮಾಣಿಕರು, ಚುರುಕಾದವರು, ಆದರೆ ಪೂರ್ತಿ ಚಿತ್ರ ಗೊತ್ತಿಲ್ಲದವರು ಆಗಿದ್ದರೆ ಮುಂದೆ ಅವರೇ ಕ್ಯಾಂಪೇನಿನ ಅತ್ಯುತ್ತಮ ಪಾತ್ರವಾಗಬಲ್ಲರು.

ಆಟದ ದಿನ ಮೂರರಿಂದ ನಾಲ್ಕು ಗಂಟೆ ಸಾಕು. ಆಟಗಾರರಿಗೆ ತಲಾ ಎರಡು ದಾಳ, ಮುದ್ರಿಸಿದ ಪಾತ್ರದ ಹಾಳೆ, ಹೆಸರು ಬರೆಯಲು ಖಾಲಿ ಕಾರ್ಡು, ಪೆನ್ಸಿಲು. ನಕ್ಷೆ, ಬೊಂಬೆ ಏನೂ ಬೇಡ. ಪೀಡೆಯನ್ನು ಮೊದಲ ಗಂಟೆಯಲ್ಲೇ ತೋರಿಸಿದರೆ ಹೊಡೆದಾಟ ಶುರುವಾಗುತ್ತದೆ, ಅಲ್ಲಿಗೆ ಭಯ ಮುಗಿಯಿತು. ಮೊದಲು ಅದು ಮಾಡಿದ್ದನ್ನು ತೋರಿಸಿ, ಆಮೇಲೆ ಅದರ ಸದ್ದು, ಕೊನೆಗೆ ಅದು. ನಡುನಡುವೆ ಆಟಗಾರರು ನಕ್ಕರೆ ತಡೆಯಬೇಡಿ, ಬಿಗಿದ ಉಸಿರು ಬಿಟ್ಟರೇನೇ ಮತ್ತೆ ಬಿಗಿಯಲು ಬರುವುದು.

ನಾಲ್ವರಲ್ಲಿ ಮೂವರು ಬಂದರೆ ಆಟ ನಡೆಯುತ್ತದೆ ಎಂದು ಮೊದಲೇ ಗೊತ್ತು ಮಾಡಿ. ಎಲ್ಲರೂ ಸೇರುವ ದಿನಕ್ಕೆ ಕಾದ ಕ್ಯಾಂಪೇನುಗಳು ತಮ್ಮಷ್ಟಕ್ಕೇ ನಿಂತುಹೋಗುತ್ತವೆ. ಬಾರದವರ ಪಾತ್ರಕ್ಕೆ ಅಂದು ಕೆಲಸದ ಪಾಳಿ ಇತ್ತು ಎಂದರೆ ಆಯಿತು, ಇಂದಿನ ಕಾಲದ ಕಥೆಯಲ್ಲಿ ಆ ಅನುಕೂಲ ಇದ್ದೇ ಇದೆ.

ದೊಡ್ಡ ಪಿತೂರಿಯನ್ನು ಈಗಲೇ ಬರೆಯಬೇಡಿ. ಮೊದಲ ಮೂರು ರಹಸ್ಯಗಳನ್ನು ಬಿಡಿಬಿಡಿಯಾಗಿ ನಡೆಸಿ, ಪ್ರತಿಯೊಂದರ ಕೊನೆಯಲ್ಲಿ ಒಂದು ಎಳೆಯನ್ನು ಬಿಡಿಸದೆ ಉಳಿಸಿ: ಆ ಟೇಪಿನಲ್ಲಿ ಮೊದಲು ದನಿ ತುಂಬಿದವರು ಯಾರು, ಕೋಣೆಯ ಬಾಡಿಗೆ ಇವತ್ತಿಗೂ ಕಟ್ಟುತ್ತಿರುವವರು ಯಾರು. ಆಟ ಮುಗಿಸಿ ಎದ್ದು ಹೋಗುವಾಗ ಅವರವರೇ ಯಾವುದರ ಬಗ್ಗೆ ಮಾತಾಡಿಕೊಳ್ಳುತ್ತಾರೆ ಎಂದು ಕಿವಿಗೊಡಿ, ಮನೆಗೆ ಹೋದ ತಕ್ಷಣ ಬರೆದಿಟ್ಟುಕೊಳ್ಳಿ. ನಾಲ್ಕನೇ ರಹಸ್ಯವನ್ನು ಆ ಎಳೆಯಿಂದ ಹೆಣೆಯಿರಿ.