ಅಂಕ ಇಳಿಯಿತು, ಸರಿ. ಯಾಕೆ ಇಳಿಯಿತು?

ನಮಸ್ಕಾರ.

ನೀವು ಕಳಿಸಿದ ‘ಪ್ರಾಣಾಯಾಮದಿಂದ ಖಿನ್ನತೆ ಮಾಯ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪತ್ರಿಕೆಗೆ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸುವಂಥ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ನೀವು ಮಾಡಿದ್ದು ಇಷ್ಟು, ಅಲ್ವಾ? ಊರಿನ ಸಮುದಾಯ ಭವನದಲ್ಲಿ ಆರು ವಾರ ಬೆಳಗಿನ ತರಗತಿ ನಡೆಸಿದಿರಿ. ಬಂದವರಿಗೆಲ್ಲ ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ (ಅಂಕ ಜಾಸ್ತಿಯಾದಷ್ಟೂ ಲಕ್ಷಣ ಜಾಸ್ತಿ) ಕೊಟ್ಟು, 10ಕ್ಕಿಂತ ಜಾಸ್ತಿ ಅಂಕ ಬಂದ 30 ಜನರನ್ನು ಆರಿಸಿಕೊಂಡಿರಿ. ಕೊನೆಗೆ ಉಳಿದವರು 19 ಜನ. ಅವರನ್ನು ಮತ್ತೆ ಅದೇ ಪ್ರಶ್ನೆ ಕೇಳಿದಿರಿ, ಸರಾಸರಿ ಇಳಿದಿತ್ತು. ‘ಆದ್ದರಿಂದ ಪ್ರಾಣಾಯಾಮ ಖಿನ್ನತೆಯನ್ನು ಗುಣಪಡಿಸುತ್ತದೆ’ ಅಂತ ಬರೆದಿರಿ.

ನನ್ನ ತಕರಾರು ಇರುವುದು ಆ ‘ಆದ್ದರಿಂದ’ದ ಮೇಲೆ.

ನೆಗಡಿಗೆ ಔಷಧಿ ತಗೊಂಡರೆ ಏಳು ದಿನ, ತಗೊಳ್ಳದಿದ್ದರೆ ಒಂದು ವಾರ ಅನ್ನುವ ಮಾತು ನಿಮಗೂ ಗೊತ್ತು. ಪಿಎಚ್‌ಕ್ಯೂ-9 ಕೇಳುವುದು ಕಳೆದ ಎರಡು ವಾರದ ಕಥೆಯನ್ನು ಮಾತ್ರ. ಜನ ಇಂಥ ತರಗತಿಗೆ ಹೆಸರು ಕೊಡುವುದು ಸಾಮಾನ್ಯವಾಗಿ ತೀರಾ ಬೇಜಾರಾಗಿದ್ದ ದಿನಗಳಲ್ಲಿ. ನೀವಂತೂ ಜಾಸ್ತಿ ಅಂಕ ಬಂದವರನ್ನೇ ಹುಡುಕಿ ಆರಿಸಿದ್ದೀರಿ. ಅವರಿಗೆ ನೀವು ಏನೂ ಮಾಡದೆ ಆರು ವಾರ ಬಿಟ್ಟು ಕೇಳಿದ್ದರೂ ಸರಾಸರಿ ಒಂದಿಷ್ಟು ಇಳಿದಿರುತ್ತಿತ್ತು. ತೀರಾ ಮೇಲೆ ಹೋದ ಅಳತೆ ಎರಡನೇ ಸಲ ಅಳೆದಾಗ ಸರಾಸರಿಯ ಕಡೆಗೆ ವಾಲುತ್ತದೆ. ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದನ್ನು ಅಪ್ಪ-ಅಮ್ಮ ಮತ್ತು ಮಕ್ಕಳ ಎತ್ತರದಲ್ಲಿ ಕಂಡು 1886ರಲ್ಲೇ ಬರೆದಿದ್ದರು. ನಿಮ್ಮ ಇಳಿಕೆಯಲ್ಲಿ ಇದರ ಪಾಲೆಷ್ಟು, ಉಸಿರಾಟದ ಪಾಲೆಷ್ಟು? ನಿಮ್ಮ ಅಂಕಿಗಳಿಂದ ಹೇಳಲು ದಾರಿಯೇ ಇಲ್ಲ.

ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕು ಅನ್ನುವುದು ಅದಕ್ಕೇ. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ, ಸ್ಟ್ರೆಪ್ಟೊಮೈಸಿನ್ ಅನ್ನುವ ಔಷಧಿಯ ಪ್ರಯೋಗವನ್ನು ಒಮ್ಮೆ ಗಮನಿಸಿ. ಕ್ಷಯ ರೋಗಿಗಳು ಒಟ್ಟು 107 ಜನ. ಯಾರಿಗೆ ಔಷಧಿ ಅನ್ನುವುದನ್ನು ವೈದ್ಯರು ಆರಿಸಲಿಲ್ಲ, ಮುಚ್ಚಿದ ಲಕೋಟೆ ಆರಿಸಿತು. 55 ಜನರಿಗೆ ಇಂಜೆಕ್ಷನ್ ಜೊತೆ ಹಾಸಿಗೆ ವಿಶ್ರಾಂತಿ, 52 ಜನರಿಗೆ ಬರೀ ವಿಶ್ರಾಂತಿ. ಆರು ತಿಂಗಳಾದ ಮೇಲೆ ಔಷಧಿ ಪಡೆದವರಲ್ಲಿ 28 ಜನರ ಎಕ್ಸ್‌ರೇ ಚೆನ್ನಾಗಿ ಸುಧಾರಿಸಿತ್ತು. ಬರೀ ಮಲಗಿದ್ದವರಲ್ಲೂ 4 ಜನ ಅಷ್ಟೇ ಸುಧಾರಿಸಿದ್ದರು! ಆ ನಾಲ್ವರು ಔಷಧಿ ಗುಂಪಿನಲ್ಲಿ ಇದ್ದಿದ್ದರೆ ಅವರ ಸುಧಾರಣೆಯೂ ಔಷಧಿಯ ಖಾತೆಗೇ ಸೇರುತ್ತಿತ್ತು.

ಆ ಪ್ರಯೋಗದಲ್ಲಿ ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಹಾಸಿಗೆ ಗುಂಪಿಗೆ ನೀರಿನ ಇಂಜೆಕ್ಷನ್ ಕೊಟ್ಟು ಮರೆಮಾಚಲಿಲ್ಲ. ದಿನಕ್ಕೆ ನಾಲ್ಕು ಸಲ, ತಿಂಗಳುಗಟ್ಟಲೆ ಸುಮ್ಮಸುಮ್ಮನೆ ಚುಚ್ಚುವುದು ಹೇಗೆ? ಅದರ ಬದಲು ಎಕ್ಸ್‌ರೇ ಓದುವವರಿಗೆ ಇದು ಯಾವ ಗುಂಪಿನವರದು ಅಂತ ಹೇಳಲಿಲ್ಲ.

ಈಗ ನಿಮ್ಮ ತರಗತಿಗೆ ಬನ್ನಿ. ಕಲಿಸಿದವರು ನೀವು, ಅಂಕ ಕೇಳಿದವರೂ ನೀವೇ. ಕೊನೆಯ ದಿನ, ಪಾನಕ ಹಂಚಿದ ಮೇಲೆ, ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ಪ್ರಶ್ನೆ ಓದಿದೆ ಅಂತ ನೀವೇ ಬರೆದಿದ್ದೀರಿ. ದುಡ್ಡು ತಗೊಳ್ಳದೆ ಆರು ವಾರ ಕಲಿಸಿದ ಮೇಷ್ಟ್ರ ಮುಖ ನೋಡಿಕೊಂಡು ‘ಇಲ್ಲ ಸಾರ್, ಏನೂ ಉಪಯೋಗ ಆಗಲಿಲ್ಲ’ ಅಂತ ನಮ್ಮೂರುಗಳಲ್ಲಿ ಯಾರು ಹೇಳುತ್ತಾರೆ? ಎಕ್ಸ್‌ರೇಗೆ ದಾಕ್ಷಿಣ್ಯ ಇಲ್ಲ, ಮನುಷ್ಯರಿಗೆ ಇದೆ. ತರಗತಿಗೆ ಸಂಬಂಧವೇ ಇಲ್ಲದ ಯಾರಾದರೂ ಕೇಳಬೇಕಿತ್ತು.

ಪ್ರಶ್ನಾವಳಿಯ ಬಗ್ಗೆ ಒಂದು ಮಾತು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಇದರಲ್ಲಿ ನಿದ್ದೆ, ಸುಸ್ತು, ಹಸಿವಿನ ಪ್ರಶ್ನೆಗಳೂ ಇವೆ. ಬೆಳಿಗ್ಗೆ ಐದಕ್ಕೆ ಎದ್ದು ಬಂದವರಿಗೆ ರಾತ್ರಿ ಬೇಗ ನಿದ್ದೆ ಹತ್ತಿರಬಹುದು, ಅಂಕವೂ ಅಷ್ಟರ ಮಟ್ಟಿಗೆ ಇಳಿದಿರಬಹುದು. ಮನಸ್ಸಿನ ಭಾರ ಇಳಿಯಿತೋ ಇಲ್ಲವೋ ಅದು ಬೇರೆ ಪ್ರಶ್ನೆ. ಒಟ್ಟು ಮೊತ್ತ ಒಂದನ್ನೇ ಕೊಡಬೇಡಿ, ಒಂಬತ್ತನ್ನೂ ಬಿಡಿಸಿ ತೋರಿಸಿ. ಜೊತೆಗೆ, 10 ದಾಟಿದವರನ್ನೆಲ್ಲ ನೀವು ‘ಖಿನ್ನತೆಯ ರೋಗಿಗಳು’ ಎಂದು ಕರೆದಿದ್ದೀರಿ. ಅದು ಮುಂದಿನ ತಪಾಸಣೆ ಬೇಕು ಅನ್ನುವ ಸೂಚನೆ ಮಾತ್ರ. ರೋಗ ಇದೆಯೋ ಇಲ್ಲವೋ ಹೇಳಬೇಕಾದವರು ವೈದ್ಯರು.

ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಅಂಕ ಹಾಕಿದವರು ಇದ್ದರಾ? ಇದ್ದರೆ ನೀವೇನು ಮಾಡಿದಿರಿ? ಲೇಖನದಲ್ಲಿ ಒಂದಕ್ಷರವೂ ಇಲ್ಲ. ಉಳಿದ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರ ಬರೆಯಿರಿ. ಇದಕ್ಕೆ ಮಾತ್ರ ಇವತ್ತೇ ಫೋನ್ ಮಾಡಿ.

ಬಿಟ್ಟುಹೋದ 11 ಜನರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: ‘ಶ್ರದ್ಧೆ ಇಲ್ಲದವರು ನಿಂತುಹೋದರು.’ ಶ್ರದ್ಧೆ ಇರಲಿಲ್ಲವೋ, ಹಾಸಿಗೆಯಿಂದ ಏಳುವ ಶಕ್ತಿಯೇ ಇರಲಿಲ್ಲವೋ? ಖಿನ್ನತೆ ಜಾಸ್ತಿಯಾದವರೇ ಮೊದಲು ಬಿಟ್ಟಿದ್ದರೆ, ಉಳಿದವರ ಸರಾಸರಿ ಚೆನ್ನಾಗಿ ಕಾಣುವುದು ಸಹಜ. ಅವರ ಮನೆಗೆ ಹೋಗಿ ಕೇಳಿ. 30 ಜನರನ್ನೂ ಲೆಕ್ಕದಲ್ಲಿ ಇಟ್ಟುಕೊಂಡು ಬರೆಯಿರಿ.

‘ಹಳ್ಳಿ ಜನರಿಗೆ ಕಾಯಿಲೆಯ ಅರಿವೇ ಇಲ್ಲ, ಆಸ್ಪತ್ರೆಗೆ ಹೋಗುವುದೇ ಇಲ್ಲ’ ಎಂಬ ಪ್ಯಾರಾ ತೆಗೆದುಬಿಡಿ. ಯಾರನ್ನು ಕೇಳಿ ಬರೆದಿರಿ? ಕ್ಷಯದ ಬಗ್ಗೆಯೂ ಒಂದು ಕಾಲಕ್ಕೆ ಹೀಗೇ ಹೇಳುತ್ತಿದ್ದರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದರು. ಕಫದಲ್ಲಿ ರೋಗಾಣು ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಖಿನ್ನತೆಯ ಮಾತು ಬೇರೆ ಇರಬಹುದು, ಆದರೆ ಕೇಳದೆ ಬರೆಯುವ ಹಾಗಿಲ್ಲ.

ನಿಮ್ಮ ಬರಹದಲ್ಲಿ ನನಗೆ ಹಿಡಿಸಿದ್ದು ಐದನೇ ಪುಟ. ಅಲ್ಲಿ ಒಬ್ಬ ಹೆಂಗಸು ‘ದಿನಾ ಒಂದು ಗಂಟೆ ಮನೆಯಿಂದ ಆಚೆ ಬರೋಕೆ ಸಿಕ್ತಲ್ಲ ಸಾರ್, ಅಷ್ಟೇ ಸಾಕು’ ಅನ್ನುತ್ತಾರೆ. ನೀವು ಅದನ್ನು ದಾಟಿ ಉಸಿರಾಟದ ಮಹಿಮೆಗೆ ಹೋಗಿಬಿಟ್ಟಿರಿ. ಆದರೆ ನಿಮ್ಮ ವಾದಕ್ಕೆ ಬಲವಾದ ಎದುರುವಾದ ಅವರದೇ! ಮುಂದಿನ ಸಲ ಚೀಟಿ ಎತ್ತಿ ಎರಡು ಗುಂಪು ಮಾಡಿ. ಒಂದು ಗುಂಪಿಗೆ ಪ್ರಾಣಾಯಾಮ. ಇನ್ನೊಂದು ಗುಂಪು ಅದೇ ಹೊತ್ತಿಗೆ, ಅದೇ ಭವನದಲ್ಲಿ, ಅಷ್ಟೇ ಹೊತ್ತು ಕೂತು ಪೇಪರ್ ಓದಲಿ, ಮಾತಾಡಲಿ. ಮನೆಯಿಂದ ಆಚೆ ಬರುವುದು ಎರಡೂ ಗುಂಪಿಗೆ ಸಿಗುತ್ತದೆ, ಪ್ರಾಣಾಯಾಮ ಒಂದಕ್ಕೆ ಮಾತ್ರ. ಶುರು ಮಾಡುವ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ವೈದ್ಯಕೀಯ ಪ್ರಯೋಗಗಳನ್ನು ನೋಂದಾಯಿಸುವ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಏನು ಅಳೆಯುತ್ತೀರಿ, ಯಾವಾಗ ಅಳೆಯುತ್ತೀರಿ ಅಂತ ಮೊದಲೇ ದಾಖಲಿಸಿ. ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗದವರನ್ನು ಜೊತೆಗೆ ಸೇರಿಸಿಕೊಂಡರೆ ಈ ಕೆಲಸ ಹಗುರವಾಗುತ್ತದೆ.

ಅದಕ್ಕೆಲ್ಲ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಪತ್ರಿಕೆಗೆ ಬೇರೆ ಲೇಖನ ಬರೆಯಿರಿ. ಆರು ವಾರ ಏನು ಕಂಡಿರಿ, ಯಾರು ಬಂದರು, ಯಾರು ಯಾಕೆ ಬಿಟ್ಟರು, ಅಂಕ ಹೇಗೆ ಬದಲಾಯಿತು ಅನ್ನುವುದಷ್ಟೇ ಇರಲಿ. ಯಾರದೂ ಗುರುತು ಸಿಗದಂತೆ ನೋಡಿಕೊಳ್ಳಿ. ‘ಮಾಯ’ ಪದ ಶೀರ್ಷಿಕೆಯಿಂದ ಹೋಗಲಿ. ‘ಇನ್ನು ಮಾತ್ರೆಗಳ ಹಂಗಿಲ್ಲ’ ಅನ್ನುವ ಕೊನೆಯ ಸಾಲನ್ನು ನಾನು ಈಗಾಗಲೇ ಹೊಡೆದುಹಾಕಿದ್ದೇನೆ. ಅದನ್ನು ನಂಬಿ ಒಬ್ಬರು ಮಾತ್ರೆ ನಿಲ್ಲಿಸಿದರೂ ಜವಾಬ್ದಾರಿ ನಮ್ಮಿಬ್ಬರದು. 1,200 ಪದ ದಾಟಬೇಡಿ, ಕೋಷ್ಟಕ ಒಂದೇ ಸಾಕು.