ಆಳಂದಿಗೆ ಒಂದು ದಿನ ಮೊದಲೇ ಹೋಗಿ

ಪ್ರಶ್ನೆ: ನನಗೆ 58 ವರ್ಷ. ತೆಂಗಿನ ತೋಟ ನೋಡಿಕೊಂಡಿದ್ದೇನೆ. ನಾನು, ನನ್ನ ಹೆಂಡತಿ ಎರಡು ಸಲ ತುಮಕೂರಿನಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಪಂಢರಪುರಕ್ಕೆ ಹೋಗಿ ವಿಠ್ಠಲನ ದರ್ಶನ ಮಾಡಿ ಬಂದಿದ್ದೇವೆ. ಈ ಸಲ ಆಷಾಢದ ವಾರಿಯಲ್ಲಿ, ಅಂದರೆ ಪಂಢರಪುರದ ಪಾದಯಾತ್ರೆಯಲ್ಲಿ, ಪುಣೆ ಹತ್ತಿರದ ಆಳಂದಿಯಿಂದ ನಡೆದೇ ಹೋಗಬೇಕು ಅಂತ ಇಬ್ಬರಿಗೂ ಆಸೆ. ನಡೆಯೋಕೆ ಹೆದರಿಕೆ ಇಲ್ಲ. ಆದರೆ ಶುರುವಾಗುವ ಜಾಗಕ್ಕೆ ಹೋಗಿ ಸೇರಿಕೊಳ್ಳೋದು ಹೇಗೆ ಅನ್ನೋದೇ ತಿಳಿಯುತ್ತಿಲ್ಲ. ನಮಗೆ ಮರಾಠಿ ಬರಲ್ಲ. ಯಾವತ್ತು ಹೊರಡಬೇಕು, ಯಾವ ರೈಲು, ಅಲ್ಲಿ ಯಾರನ್ನು ಕೇಳಬೇಕು?
— ಓದುಗರು, ಗುಬ್ಬಿ ತಾಲ್ಲೂಕು

ಉತ್ತರ: ನಿಮ್ಮ ಕಾಗದ ಓದಿ ತುಂಬಾ ಖುಷಿಯಾಯ್ತು. ನಡೆಯೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿಗೆ ಹೋಗಿ ಸೇರೋದು ಹೇಗೆ ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಅದಕ್ಕೇ ಮೊದಲ ಸಲ ಅಷ್ಟು ಕಷ್ಟಪಟ್ಟೆ.

ನಾನು ತುಮಕೂರು ಚಿಕ್ಕಪೇಟೆಯಲ್ಲಿ ಬಟ್ಟೆ ಹೊಲಿಯುವವಳು. ನಾವು ಸಿಂಪಿಗರು. ಸಂತ ನಾಮದೇವರೂ ಹೊಲಿಗೆ ಮನೆಯವರೇ ಅಲ್ವಾ, ಹಾಗಾಗಿ ನಮ್ಮ ಮನೆಯಲ್ಲಿ ವಾರಿ ಅಂದರೆ ಹಬ್ಬಕ್ಕಿಂತ ಜಾಸ್ತಿ. ಐದು ಸಲ ನಡೆದಿದ್ದೇನೆ. ಆ ಐದು ಸಲದಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ತಾರೀಖು. ಕ್ಯಾಲೆಂಡರಿನ ಜೂನ್ ಇಪ್ಪತ್ತು ಅಂತ ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಸಂತ ಜ್ಞಾನೇಶ್ವರ ಮಹಾರಾಜರ ಪಾದುಕೆಯ ಪಲ್ಲಕ್ಕಿ ಆಳಂದಿಯಿಂದ ಹೊರಡೋದು ಜ್ಯೇಷ್ಠ ಬಹುಳ ಅಷ್ಟಮಿ. ಅದರ ಹಿಂದಿನ ದಿನ, ಸಪ್ತಮಿಗೆ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿ ಹೊರಡುತ್ತದೆ. ನಮ್ಮ ಪಂಚಾಂಗದಲ್ಲೂ ಅವರ ಪಂಚಾಂಗದಲ್ಲೂ ತಿಂಗಳು ಅಮಾವಾಸ್ಯೆಗೇ ಮುಗಿಯುತ್ತದೆ. ಹಾಗಾಗಿ ಮನೆಯಲ್ಲಿರುವ ಪಂಚಾಂಗ ನೋಡಿದರೆ ಸಾಕು. 2025ರಲ್ಲಿ ದೇಹು ಜೂನ್ 18, ಆಳಂದಿ ಜೂನ್ 19, ಪಂಢರಪುರದ ಏಕಾದಶಿ ಜುಲೈ 6 ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಏಕಾದಶಿ ಜುಲೈ 25ಕ್ಕೆ ಹೋಗುತ್ತದೆ. ಹೋದ ವರ್ಷದ ತಾರೀಖು ನೋಡಿಕೊಂಡು ಟಿಕೆಟ್ ಮಾಡಿಸಿದರೆ ಊರೇ ಖಾಲಿ ಇರುವಾಗ ಹೋಗಿ ನಿಲ್ಲುತ್ತೀರಿ.

ಇನ್ನು ರೈಲು. ವಾರಿ ಮುಗಿಯುವ ಊರಿಗೆ ತುಮಕೂರಿಂದ ನೇರ ರೈಲಿದೆ, ನಿಮಗೇ ಗೊತ್ತು. ಆ ಗೋಲ್‌ಗುಂಬಜ್ ನಿಮಗೆ ವಾಪಸ್ ಬರೋಕೆ ಬೇಕು. ಹೋಗುವಾಗ ನೀವು ಮುಟ್ಟಬೇಕಾದದ್ದು ಪುಣೆ. ಅಜ್ಮೇರ್, ಜೋಧಪುರ, ಗಾಂಧಿಧಾಮದ ಕಡೆ ಹೋಗುವ ಕೆಲವು ರೈಲುಗಳು ತುಮಕೂರು, ಹುಬ್ಬಳ್ಳಿ, ಬೆಳಗಾವಿ, ಮೀರಜ್ ಮೇಲೆ ಪುಣೆಗೆ ಹೋಗುತ್ತವೆ. ದಿನಾ ಇರಲ್ಲ, ನಿಮ್ಮ ದಿನಕ್ಕೆ ಯಾವುದು ಸಿಗುತ್ತದೆ ಅಂತ ತುಮಕೂರು ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿ ಕೇಳಿ. ಯಾವುದೂ ಸಿಗದಿದ್ದರೆ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು ಮೀರಜ್‌ವರೆಗೆ ಹೋಗಿ, ಅಲ್ಲಿಂದ ಬೇರೆ ರೈಲೋ ಬಸ್ಸೋ ಹಿಡಿದು ಪುಣೆ ಸೇರಬಹುದು. ನಾನು ಎರಡು ಸಲ ಹಾಗೇ ಹೋದೆ. ಹುಬ್ಬಳ್ಳಿಯಿಂದ ಪುಣೆಗೆ 2024ರ ಸೆಪ್ಟೆಂಬರ್‌ನಿಂದ ವಂದೇ ಭಾರತ್ ಕೂಡ ಇದೆ, ಅದೂ ದಿನಾ ಇಲ್ಲ. ಈಗ ಟಿಕೆಟ್ ಬುಕಿಂಗ್ ತೆರೆಯುವುದು 60 ದಿನ ಮೊದಲು. ಕಾಯದೆ ಅವತ್ತೇ ಮಾಡಿಸಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಆಳಂದಿ ಊರು ಮುಟ್ಟಿದರೆ ವಾರಿಗೆ ಸೇರಿದ ಹಾಗಲ್ಲ. ನಿಮ್ಮ ದಿಂಡಿ ಸಿಕ್ಕಾಗಲೇ ಸೇರಿದ ಹಾಗೆ. ದಿಂಡಿ ಅಂದರೆ ಒಟ್ಟಿಗೆ ನಡೆಯುವ ಭಜನೆ ಗುಂಪು. ಮುಂದೆ ಭಗವಾ ಪತಾಕೆ, ತಾಳ, ಪಖವಾಜ್, ವೀಣೆ ಹಿಡಿದವರು, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು. ನಿಮ್ಮ ಊಟ, ನೀರು, ರಾತ್ರಿಯ ಟೆಂಟು, ಬ್ಯಾಗು ಹೊರುವ ಲಾರಿ ಎಲ್ಲ ದಿಂಡಿಯದೇ. ಲಕ್ಷಾಂತರ ಜನರ ನಡುವೆ ದಿಂಡಿ ಇಲ್ಲದ ಹೊಸಬರಿಗೆ ಮೊದಲ ರಾತ್ರಿಯೇ ಮಲಗೋಕೆ ಜಾಗ ಹುಡುಕುವ ಪಾಡು.

ನನಗಾದದ್ದು ಕೇಳಿ. ಮೊದಲ ವರ್ಷ ನಾನೂ ನನ್ನ ಅಕ್ಕನೂ ಅಷ್ಟಮಿಯ ಬೆಳಿಗ್ಗೆಯೇ ಪುಣೆಯಲ್ಲಿ ಇಳಿದೆವು. ಸಂಜೆ ತಾನೆ ಪಲ್ಲಕ್ಕಿ ಹೊರಡೋದು, ಬೇಕಾದಷ್ಟು ಹೊತ್ತಿದೆ ಅಂದುಕೊಂಡೆವು. ಪುಣೆಯಿಂದ ಆಳಂದಿ ಬರೀ 25 ಕಿಲೋಮೀಟರ್ ಹತ್ತಿರ. ಆದರೆ ಅವತ್ತು ಊರೊಳಗೆ ಬಸ್ಸು ಬಿಡಲ್ಲ, ಸುಮಾರು ದೂರದಲ್ಲೇ ಇಳಿಸಿದರು. ಕೈಯಲ್ಲಿ ಬ್ಯಾಗು, ಮೇಲೆ ಜಿಟಿಜಿಟಿ ಮಳೆ. ದಿಂಡಿಯವರ ನಂಬರ್ ಮೊಬೈಲಲ್ಲಿ ಇತ್ತು. ಅಷ್ಟು ಜನ ಒಂದೇ ಕಡೆ ಸೇರಿದರೆ ಫೋನ್ ಹೋಗುತ್ತಾ? ಹೋಗಲೇ ಇಲ್ಲ. ಇಂದ್ರಾಯಣಿ ಘಾಟಿನ ಮೆಟ್ಟಿಲ ಮೇಲೆ ನನ್ನಕ್ಕ ಕೂತು ಅತ್ತೇಬಿಟ್ಟಳು. ಆಗ ಪಕ್ಕದಲ್ಲಿದ್ದ ಒಬ್ಬ ಅಜ್ಜಿ, ಹಲ್ಲೇ ಇರಲಿಲ್ಲ ಆ ತಾಯಿಗೆ, "ಮಾವುಲಿ, ದಿಂಡಿ ಕ್ರಮಾಂಕ?" ಅಂತ ಕೇಳಿದಳು. ನಂಬರು ನಮಗೆ ಗೊತ್ತಿದ್ದರೆ ತಾನೆ! ದಿಂಡಿಯ ಹೆಸರು ಮಾತ್ರ ಗೊತ್ತಿತ್ತು. ಆ ಹೆಸರು ಹಿಡಿದು ಕೇಳುತ್ತಾ ಕೇಳುತ್ತಾ ಅವರ ಧರ್ಮಶಾಲೆ ಸಿಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಪ್ರಸ್ಥಾನ ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಅದಕ್ಕೇ ಹೇಳೋದು, ಮೊದಲು ನಂಬರು ತಿಳಿದುಕೊಳ್ಳಿ. ಪ್ರತಿ ದಿಂಡಿಗೂ ನಂಬರು ಇದೆ. ಅದರ ಜೊತೆ ಇನ್ನೊಂದು ಮಾತು ಸೇರಿಸಬೇಕು, ಅದು ಪಲ್ಲಕ್ಕಿ ಇಟ್ಟ ರಥದ ಮುಂದಿನದೋ ಹಿಂದಿನದೋ ಅಂತ. ಮುಂದಿನದಕ್ಕೆ 'ರಥಾಪುಢೆ', ಹಿಂದಿನದಕ್ಕೆ 'ರಥಾಮಾಗೆ' ಅನ್ನುತ್ತಾರೆ. ಬರೀ ಹನ್ನೆರಡು ಅಂದರೆ ಎರಡು ಹನ್ನೆರಡು ಇರುತ್ತವೆ. ಇದೊಂದು ಗೊತ್ತಿದ್ದರೆ ಪೊಲೀಸರು, ಚಹಾ ಅಂಗಡಿಯವರು, ಬೇರೆ ದಿಂಡಿಯವರು, ಯಾರು ಬೇಕಾದರೂ ಕೈ ತೋರಿಸುತ್ತಾರೆ. ಮರಾಠಿ ಬೇಕಾಗಿಲ್ಲ. ಎದುರಿಗೆ ಸಿಕ್ಕವರನ್ನೆಲ್ಲ 'ಮಾವುಲಿ' ಅನ್ನಿ, ನಂಬರು ಹೇಳಿ. ಮಾವುಲಿ ಅಂದರೆ ತಾಯಿ. ಜ್ಞಾನೇಶ್ವರರನ್ನು ಹಾಗೇ ಕರೆಯೋದು, ನಡೆಯುವವರು ಒಬ್ಬರನ್ನೊಬ್ಬರು ಕರೆಯೋದೂ ಹಾಗೇ.

ಎರಡನೇ ವರ್ಷದಿಂದ ನಾನು ಹೊರಡುವ ಮೊದಲು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಬ್ಯಾಗಿನ ಬಾಯಿಯ ಹತ್ತಿರ ಬಿಳಿ ಕಾಟನ್ ತುಂಡು ಇಟ್ಟು ನಾಲ್ಕೂ ಕಡೆ ಹೊಲಿಯುತ್ತೇನೆ. ಅದರ ಮೇಲೆ ಕೆಂಪು ದಾರದಲ್ಲಿ ದಿಂಡಿ ನಂಬರು, ರಥಾಪುಢೆಯೋ ರಥಾಮಾಗೆಯೋ ಅನ್ನೋದು, ಮನೆಯ ಫೋನ್ ನಂಬರು. ಅಕ್ಷರ ಕನ್ನಡದಲ್ಲಿ ಒಂದು ಸಾಲು, ಮರಾಠಿಯಲ್ಲಿ ಒಂದು ಸಾಲು. ಪೆನ್ನಿನಲ್ಲಿ ಬರೆದರೆ ಎರಡು ಮಳೆಗೆ ನೀಲಿ ನೀರಾಗಿ ಹೋಗುತ್ತದೆ, ನೋಡಿದ್ದೇನೆ. ಹೊಲಿಗೆ ಹಾಗೇ ಇರುತ್ತದೆ. ಸಂಜೆ ಲಾರಿಯಿಂದ ಬ್ಯಾಗು ಇಳಿಸುವಾಗ ಎಲ್ಲ ಒಂದೇ ಥರ ಕೆಸರು ಮೆತ್ತಿಕೊಂಡಿರುತ್ತವೆ. ಕೈ ಸವರಿದರೆ ನನ್ನ ಹೊಲಿಗೆ ಬೆರಳಿಗೆ ಸಿಗುತ್ತದೆ. ನಿಮ್ಮ ಹೆಂಡತಿಗೆ ಹೊಲಿಗೆ ಬರದಿದ್ದರೆ ಊರಿನ ಯಾವ ಟೈಲರ್ ಹತ್ತಿರವಾದರೂ ಮಾಡಿಸಿ, ಹತ್ತು ನಿಮಿಷದ ಕೆಲಸ.

ದಿಂಡಿ ಹುಡುಕೋದು ಹೇಗೆ? ನಿಮ್ಮ ಕಡೆಯ ಭಜನೆ ಮಂಡಳಿಯಲ್ಲಿ ವಿಚಾರಿಸಿ. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆ ಯಾರಾದರೂ ಪರಿಚಯದವರಿದ್ದರೆ ಇನ್ನೂ ಒಳ್ಳೆಯದು. ಆ ಕಡೆಯಿಂದ ಪ್ರತಿ ವರ್ಷ ಜನ ನಡೆಯುತ್ತಾರೆ, ಕನ್ನಡ ಮಾತಾಡುವವರು ಸಿಗುತ್ತಾರೆ. ಎರಡು ತಿಂಗಳು ಮೊದಲೇ ಹೆಸರು ಬರೆಸಿ, 'ಭಿಶಿ' ಎಷ್ಟು ಅಂತ ಕೇಳಿ. ಊಟದ ಖರ್ಚಿಗೆ ಕಟ್ಟುವ ದುಡ್ಡಿಗೆ ಹಾಗನ್ನುತ್ತಾರೆ. ಆಳಂದಿಯಲ್ಲಿ ಅವರು ಇಳಿಯುವ ಧರ್ಮಶಾಲೆಯ ಹೆಸರು, ಹತ್ತಿರದ ಗುರುತು ಏನು ಅಂತಲೂ ಕೇಳಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಆಮೇಲೆ, ಒಂದು ದಿನ ಮೊದಲೇ ಆಳಂದಿಯಲ್ಲಿರಿ. ಸಪ್ತಮಿಯ ದಿನ ಬೆಳಕಿರುವಾಗಲೇ ಹೋಗಿಬಿಡಿ. ಪುಣೆ ಸ್ಟೇಷನ್ನಿಂದಲೂ ಸ್ವಾರಗೇಟ್‌ನಿಂದಲೂ ಸಿಟಿ ಬಸ್ಸು ಸಿಗುತ್ತವೆ. ಕೇಳುವಾಗ 'ದೇವಾಚಿ ಆಳಂದಿ' ಅನ್ನಿ. ಪುಣೆಯ ಇನ್ನೊಂದು ಮಗ್ಗುಲಲ್ಲಿ ಬೇರೊಂದು ಆಳಂದಿ ಇದೆ, ನಮ್ಮ ಕಲಬುರಗಿ ಕಡೆಯ ಆಳಂದವಂತೂ ಇದ್ದೇ ಇದೆ.

ಅಷ್ಟಮಿಯ ಸಂಜೆ ದೇವಸ್ಥಾನದ ಒಳಗೆ ಹೋಗಬೇಕು ಅಂತ ಹಟ ಮಾಡಬೇಡಿ. ಒಳಗೆ ಬಿಡೋದು ಹಳೆಯ ಮಾನದ ದಿಂಡಿಗಳನ್ನು ಮಾತ್ರ. ಹೊರಗಿನಿಂದಲೇ ಶಿಖರ ನೋಡಿಕೊಂಡು ನಿಲ್ಲಿ. ಪ್ರಸ್ಥಾನದ ಹೊತ್ತಿಗೆ ಕಳಸ ಅಲುಗುತ್ತದೆ ಅಂತ ಎಲ್ಲರೂ ಕತ್ತೆತ್ತಿ ಕಾಯುತ್ತಾರೆ. ಹೊರಟ ಪಲ್ಲಕ್ಕಿ ಆ ರಾತ್ರಿ ಆಳಂದಿಯಲ್ಲೇ ಉಳಿಯುತ್ತದೆ. ನಡಿಗೆ ಶುರುವಾಗೋದು ನವಮಿಯ ಬೆಳಿಗ್ಗೆ. ನವಮಿ, ದಶಮಿ ಎರಡು ರಾತ್ರಿ ಪುಣೆ. ಏಕಾದಶಿಗೆ ದಿವೆ ಘಾಟ್ ಹತ್ತಿ ಸಾಸವಡ. ಅದೇ ಎಲ್ಲಕ್ಕಿಂತ ಉದ್ದದ ದಿನ, ಮೇಲಾಗಿ ಬಹಳ ಜನರಿಗೆ ಉಪವಾಸ. ಮಂಡಿ ನೋವಿದ್ದರೆ ಆ ದಿನ ಊಟ ಬಿಡಬೇಡಿ.

ಇನ್ನೊಂದು ಹೇಳಲೇಬೇಕು. ಮಾವುಲಿಯ ಪಲ್ಲಕ್ಕಿಯ ಮುಂದೆ ಎರಡು ಕುದುರೆ ಹೋಗುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಕೂರಲ್ಲ, ಅದು ಮಾವುಲಿಯದು. ಈ ಕುದುರೆಗಳು ಬರೋದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಸರ್ಕಾರ್ ಮನೆತನದಿಂದ. ಲಾರಿಯಲ್ಲಲ್ಲ, ಹಲವು ದಿನ ನಡೆದೇ ಆಳಂದಿ ಸೇರುತ್ತವೆ. ಮೂರನೇ ವರ್ಷ ಆ ಖಾಲಿ ಕುದುರೆ ನನ್ನಿಂದ ಎರಡು ಮಾರು ದೂರದಲ್ಲಿ ಹೋಯಿತು. ಬೆನ್ನ ಮೇಲಿನ ಬಟ್ಟೆಯ ಜರಿ ಅಂಚು ಒದ್ದೆಯಾಗಿ ಅಂಟಿಕೊಂಡಿತ್ತು. ಪಕ್ಕದ ಹೆಂಗಸು ಗೊರಸು ಊರಿದ ಕಡೆಯ ಕೆಸರು ಮುಟ್ಟಿ ನನ್ನ ಹಣೆಗೂ ಹಚ್ಚಿದಳು. ನಮ್ಮ ನೆಲದಿಂದ ನಡೆದು ಬಂದ ಪ್ರಾಣಿ ಅನ್ನೋದು ನೆನಪಾಗಿ ನನಗೆ ಕಣ್ಣು ತುಂಬಿತು.

ಪ್ರಶ್ನೆ: ನನಗೆ ಅಷ್ಟಮಿಗೆ ರಜೆ ಸಿಗಲ್ಲ. ಎರಡು ದಿನ ತಡವಾಗಿ ಸೇರಿದರೆ ವಾರಿ ಅನ್ನಿಸಿಕೊಳ್ಳುತ್ತದಾ? ಶಿರಾದಿಂದ ಬಸ್ಸಿನಲ್ಲಿ ಹೋಗಬಹುದಾ?
— ಓದುಗರು, ಶಿರಾ

ಉತ್ತರ: ಖಂಡಿತ ಅನ್ನಿಸಿಕೊಳ್ಳುತ್ತದೆ. ಎರಡೂ ಪಲ್ಲಕ್ಕಿ ಪುಣೆಯಲ್ಲಿ ಎರಡು ರಾತ್ರಿ ಇರುತ್ತವೆ ಅಂತ ಅಲ್ಲೇ ಜನ ಸೇರಿಕೊಳ್ಳುತ್ತಾರೆ. ಜ್ಞಾನೇಶ್ವರರ ಪಲ್ಲಕ್ಕಿ ಭವಾನಿ ಪೇಠೆಯ ಪಾಲಖಿ ವಿಠೋಬಾ ದೇವಸ್ಥಾನದಲ್ಲಿ, ತುಕಾರಾಮರದು ನಾನಾ ಪೇಠೆಯ ನಿವಡುಂಗ್ಯಾ ವಿಠೋಬಾ ದೇವಸ್ಥಾನದಲ್ಲಿ. ಶಿರಾ ಹೆದ್ದಾರಿಯಲ್ಲೇ ಇದೆ, ಬೆಂಗಳೂರು–ಪುಣೆ ಬಸ್ಸುಗಳು ಆ ದಾರಿಯಲ್ಲೇ ಹೋಗುತ್ತವೆ. ಬುಕ್ ಮಾಡುವಾಗ ಶಿರಾದಲ್ಲಿ ಹತ್ತಿಸಿಕೊಳ್ಳುತ್ತಾರಾ ಅಂತ ಮೊದಲೇ ಕೇಳಿ. ದಶಮಿಯ ಮಧ್ಯಾಹ್ನದ ಒಳಗೆ ಪುಣೆಯಲ್ಲಿರಿ. ದಿಂಡಿ ನಂಬರಿನ ಮಾತು ನಿಮಗೂ ಅನ್ವಯ. ದಿಂಡಿಯವರು ಪುಣೆಯಲ್ಲಿ ಎಲ್ಲಿ ಇಳಿದಿದ್ದಾರೆ ಅಂತ ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ತಿಳಿದುಕೊಳ್ಳಿ. ಏಕಾದಶಿಯಂದು ನಸುಕಿನಲ್ಲೇ ಹೊರಟುಬಿಡುತ್ತಾರೆ.

ಪ್ರಶ್ನೆ: ನಾನು 24 ವರ್ಷದವಳು, ಒಬ್ಬಳೇ ಹೋಗಬೇಕು ಅಂತಿದ್ದೇನೆ. ಮನೆಯಲ್ಲಿ ಬೇಡ ಅಂತಾರೆ. ದೇಹುವಿನಿಂದ ನಡೆಯುವ ಆಸೆ. ರೈಲ್ವೆ ನಕ್ಷೆಯಲ್ಲಿ ದೇಹು ರೋಡ್ ಸ್ಟೇಷನ್ ಕಂಡಿತು. ಅಲ್ಲೇ ಇಳಿಯಬೇಕಾ?
— ಓದುಗರು, ತಿಪಟೂರು

ಉತ್ತರ: ನೋಡಮ್ಮ, ದೇಹು ರೋಡ್ ಬೇರೆ, ದೇಹು ಬೇರೆ. ಪುಣೆಯಿಂದ ಲೋಣಾವಳಾ ಕಡೆಯ ಲೋಕಲ್ ರೈಲು ದೇಹು ರೋಡ್‌ನಲ್ಲಿ ನಿಲ್ಲುತ್ತದೆ, ನಿಜ. ಆದರೆ ತುಕಾರಾಮರ ಊರು ಅಲ್ಲಿಂದ ಇನ್ನೂ ಐದಾರು ಕಿಲೋಮೀಟರ್ ಮೇಲಿದೆ. ಆಟೋ ಸಿಗುತ್ತದೆ, ಪ್ರಸ್ಥಾನದ ದಿನ ಮಾತ್ರ ನಡೆಯೋಕೆ ತಯಾರಾಗಿರು. ಅದಕ್ಕೇ ನೀನೂ ಹಿಂದಿನ ದಿನ, ಷಷ್ಠಿಗೆ, ಬೆಳಕಿರುವಾಗಲೇ ಹೋಗು.

ಒಬ್ಬಳೇ ಹೋಗೋದರ ಬಗ್ಗೆ ನನ್ನ ಮಾತು ಇಷ್ಟು. ವಾರಿಯಲ್ಲಿ ಹೆಂಗಸರು ಬಹಳ ಜನ ನಡೆಯುತ್ತಾರೆ. ದಿಂಡಿಯೊಳಗೆ ಸೇರಿದ ಮೇಲೆ ನನಗೆ ಯಾವತ್ತೂ ಭಯ ಅನ್ನಿಸಿಲ್ಲ. ಭಯ ಇರೋದು ತುಮಕೂರಿನಿಂದ ದಿಂಡಿಯವರೆಗಿನ ಆ ಒಂದೂವರೆ ದಿನದಲ್ಲಿ. ಆ ದಾರಿಗೆ ಮಾತ್ರ ಜೊತೆ ಮಾಡಿಕೋ. ಅಣ್ಣನೋ ಚಿಕ್ಕಪ್ಪನೋ ದೇಹುವರೆಗೆ ಬಂದು, ದಿಂಡಿಯ ಹೆಂಗಸರ ಕೈಗೆ ನಿನ್ನನ್ನು ಒಪ್ಪಿಸಿ ವಾಪಸ್ ಹೋಗಲಿ. ಅವರ ಮುಖ ನೋಡಿ ಹೋದವರು ಮನೆಯಲ್ಲಿ ಬಂದು ಹೇಳಿದರೆ ಅಮ್ಮನಿಗೂ ನಿದ್ದೆ ಬರುತ್ತದೆ. ನನ್ನ ಮಗಳು ಮೊದಲ ಸಲ ಹೊರಟಾಗ ನಾನೂ ಹಾಗೇ ಮಾಡಿದೆ. ಅವಳ ಬ್ಯಾಗಿಗೂ ಕೆಂಪು ದಾರದಲ್ಲೇ ಹೊಲಿದಿದ್ದೆ. ನೀನು ತುಮಕೂರಿಗೆ ಬಂದಾಗ ಬ್ಯಾಗು ತಗೊಂಡು ಬಾ, ನಿನಗೂ ಹೊಲಿದು ಕೊಡುತ್ತೇನೆ. ಪತ್ರಿಕೆಯ ಆಫೀಸಿಗೆ ಫೋನ್ ಮಾಡಿದರೆ ಅಂಗಡಿಯ ಗುರುತು ಹೇಳುತ್ತಾರೆ.