ತೊಟ್ಟಿಲು ಖಾಲಿ ಇದ್ದಷ್ಟೂ ಒಳ್ಳೆಯದು

ಪ್ರಶ್ನೆ: ಮಗುವಿಗೆ 3 ತಿಂಗಳು. ಸುತ್ತ ಸರಳುಗಳಿರುವ ತೊಟ್ಟಿಲು ತಂದಿದ್ದೇವೆ. ಬಂಪರ್ (ಸರಳುಗಳ ಒಳಬದಿಗೆ ಸುತ್ತ ಕಟ್ಟುವ ಮೆತ್ತೆ), ಪುಟ್ಟ ದಿಂಬು, ಹೊದಿಕೆ ಇರುವ ಸೆಟ್ ಉಡುಗೊರೆಯಾಗಿ ಬಂದಿದೆ. ಬಂಪರ್ ಕಟ್ಟದಿದ್ದರೆ ಸರಳಿಗೆ ತಲೆ ಬಡಿದೀತು ಅಂತ ಅತ್ತೆಗೆ ಆತಂಕ. ಎಲ್ಲ ಬಳಸಬಹುದೇ ಡಾಕ್ಟರೇ?

ಉತ್ತರ: ಆ ಸೆಟ್ಟಿನಲ್ಲಿ ಹಾಸಿಗೆಗೆ ಬಿಗಿಯಾಗಿ ಕೂರುವ ಶೀಟ್ ಇದ್ದರೆ ಅದೊಂದನ್ನು ಇಟ್ಟುಕೊಳ್ಳಿ. ಉಳಿದದ್ದನ್ನು ಬೀರುವಿನಲ್ಲಿಡಿ. ನನ್ನ ಮೊದಲ ಮಗುವಿಗೆ ನಾನೂ ಆಸೆಯಿಂದ ಬಂಪರ್ ಕಟ್ಟಿದ್ದೆ. ಒಂದು ರಾತ್ರಿ ನೋಡಿದರೆ ಕೂಸಿನ ಮೂಗು ಅದಕ್ಕೆ ಒತ್ತಿಕೊಂಡಿತ್ತು! ಆಗಲೇ ಬಿಚ್ಚಿ ಎಸೆದೆ. ಮೂರು ತಿಂಗಳ ಮಗುವಿಗೆ ಒತ್ತಿಕೊಂಡ ಮುಖವನ್ನು ಸರಿಸಿಕೊಳ್ಳಲು ಆಗದೇ ಹೋಗಬಹುದು, ಉಸಿರು ಕಟ್ಟಬಹುದು. ಮೆತ್ತೆಯ ಬಂಪರ್ ಮಾರಾಟವನ್ನು ಅಮೆರಿಕ 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿತು. ಸರಳಿಗೆ ತಲೆ ತಾಗಿದರೆ ಹೆಚ್ಚೆಂದರೆ ಸಣ್ಣ ಬುಗುಟು, ಅತ್ತೆಯವರಿಗೆ ಹೇಳಿ.

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ಅದಕ್ಕೂ ತೊಟ್ಟಿಲಿನ ಅಂಚಿಗೂ ನಡುವೆ ಎರಡು ಬೆರಳು ತೂರಿದರೆ ಅಳತೆ ತಪ್ಪಿದೆ ಎಂದರ್ಥ. ಸರಳುಗಳ ನಡುವಿನ ಸಂದು 6 ಸೆಂ.ಮೀ. ಮೀರಬಾರದು. ದಿಂಬು, ಹೊದಿಕೆ, ಗೊಂಬೆ ಒಂದು ವರ್ಷ ತುಂಬುವವರೆಗೆ ಬೇಡ. ಚಳಿಯಾದರೆ ಮಗುವಿನ ಅಳತೆಯ, ತೋಳಿಲ್ಲದ ಸ್ಲೀಪ್ ಸ್ಯಾಕ್ (ಮೈಗೆ ತೊಡಿಸುವ ಚೀಲದಂಥ ಹೊದಿಕೆ) ತೊಡಿಸಿ. ಟೋಪಿ ಬೇಡ.

ಮೇಲೆ ತೂಗುವ ಆಟಿಕೆ ಕೈಗೆಟುಕದಂತಿರಲಿ, 5 ತಿಂಗಳಿಗೆ ಬಿಚ್ಚಿಬಿಡಿ. ಹಗಲಾಗಲಿ ರಾತ್ರಿಯಾಗಲಿ, ಅಂಗಾತವೇ ಮಲಗಿಸಿ.